ಎರಡು ಚುಕ್ಕಿ, ಒಂದು ಎಳೆ

"ಅಲ್ವೋ, ದಿನಾ ಆ ಲ್ಯಾಬಲ್ಲಿ ಏನ್ ಮಾಡ್ತೀಯ ನೀನು?" ಅಮ್ಮ ಫೋನಿನಲ್ಲಿ ಕೇಳಿದಳು.

"ರಂಗೋಲಿ ಅಳಿಸಿ ಬರೀತೀನಮ್ಮ."

ತಮಾಷೆಯಲ್ಲ. ಎರಡು ಚುಕ್ಕಿಯಿಟ್ಟು, ಒಂದೊಂದರ ಸುತ್ತಲೂ ಎಳೆ ಸುತ್ತಿ, ಸುತ್ತುಗಳು ತಾಗುವಲ್ಲಿ ಬೆರಳಿನಿಂದ ಒರೆಸಿ, ತುದಿಗಳನ್ನು ಮೇಲೊಂದು ಕೆಳಗೊಂದು ಸೇರಿಸಿದರೆ ಎರಡೂ ಚುಕ್ಕಿ ಒಂದೇ ಎಳೆಯೊಳಗೆ ಬಂದುಬಿಡುತ್ತವೆ. ಕಾಂತರೇಖೆಗಳ ಮರುಜೋಡಣೆ ಎಂದರೆ ಇಷ್ಟೇ. ನಮ್ಮಲ್ಲಿ ಚುಕ್ಕಿಯಿಡುವುದು ಲೇಸರ್. ಅಂಗಳ, ಅಲ್ಯೂಮಿನಿಯಂ ಹಾಳೆಯ ಚೂರು.

ಆ ಚೂರನ್ನು ಕೂರಿಸುವ ಕೆಲಸ ನನಗೆ ಪ್ರಾಣ. ಕೂದಲಿಗಿಂತ ತೆಳು, ಅಕ್ಕಿಕಾಳಿನಷ್ಟು ಉದ್ದ. ಒಮ್ಮೆ ಸೀನಿದ್ದಕ್ಕೆ ಹಾರಿಹೋಯಿತು. ಮಂಡಿಯೂರಿ ಅರ್ಧ ಗಂಟೆ ಹುಡುಕಿದೆ. (ಸಿಗಲಿಲ್ಲ.) ಚೇಂಬರಿನ ಗಾಳಿಯೆಲ್ಲ ಹೀರಿ ತೆಗೆದ ಮೇಲೆ, ಕೆಲವು ನೂರು ಮೈಕ್ರಾನ್ ಅಂತರದಲ್ಲಿ ಎರಡು ಕಿರಣ, ಒಂದು ನ್ಯಾನೋಸೆಕೆಂಡಿನ ಹೊತ್ತು ಬೀಳುತ್ತವೆ. ಲೋಹ ಪ್ಲಾಸ್ಮಾ ಆಗಿ ಎರಡು ಗುಳ್ಳೆಗಳಂತೆ ಉಬ್ಬುತ್ತದೆ.

ಅಲ್ಲಿ ಅಯಸ್ಕಾಂತ ಇಟ್ಟವರಿಲ್ಲ, ತಂತಿ ಸುತ್ತಿದವರಿಲ್ಲ. ಗುಳ್ಳೆಯಲ್ಲಿ ಸಾಂದ್ರತೆ ಏರುವ ದಿಕ್ಕು ಒಂದು, ಬಿಸಿ ಏರುವ ದಿಕ್ಕು ಇನ್ನೊಂದು. ಆ ಓರೆಯಿಂದಲೇ ಕಾಂತಕ್ಷೇತ್ರ ಹುಟ್ಟುತ್ತದೆ. ಲುಡ್‌ವಿಗ್ ಬೀರ್ಮನ್ ಎಂಬ ವಿಜ್ಞಾನಿ 1950ರಲ್ಲಿ ನಕ್ಷತ್ರಗಳನ್ನು ನೆನೆದು ಹೇಳಿದ ಮಾತು ಈ ಚೂರಿಗೂ ಒಪ್ಪಿತು. ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗೌಸ್. ಇಲ್ಲಿ ಹತ್ತು ಲಕ್ಷದ ಆಸುಪಾಸು! ಪಕ್ಕಪಕ್ಕದಲ್ಲಿಟ್ಟ ಎರಡು ಬೀಸುಕಲ್ಲುಗಳನ್ನು ಒಂದೇ ಕಡೆಗೆ ತಿರುಗಿಸಿದರೆ ಅವು ತಾಗುವಲ್ಲಿ ಒಂದು ಆಚೆ, ಇನ್ನೊಂದು ಈಚೆ ಉಜ್ಜುತ್ತದಲ್ಲ, ಹಾಗೆ ಗುಳ್ಳೆಗಳು ಒತ್ತಿಕೊಳ್ಳುವಲ್ಲಿ ರೇಖೆಗಳು ಎದುರುಬದುರಾಗುತ್ತವೆ. ಕಡಿದು, ಬೇರೆ ಜೊತೆ ಹಿಡಿದು, ಪ್ಲಾಸ್ಮಾವನ್ನು ಅಕ್ಕಪಕ್ಕಕ್ಕೆ ಚಿಮ್ಮಿಸುತ್ತವೆ. ಇಂಗ್ಲೆಂಡಿನ ವಲ್ಕನ್ ಲೇಸರಿನಲ್ಲಿ ನಡೆದ ಇಂಥ ಪ್ರಯೋಗದ ವರದಿ ಬಂದದ್ದು 2006ರಲ್ಲಿ. ಸೂರ್ಯನ ಜ್ವಾಲೆಗಳ ಹಿಂದಿರುವುದೂ ಇದೇ ಆಟ. ಸ್ವೀಟ್, ಪಾರ್ಕರ್ ಎಂಬ ವಿಜ್ಞಾನಿಗಳು 1950ರ ದಶಕದಲ್ಲಿ ಈ ಮರುಜೋಡಣೆಯ ವೇಗಕ್ಕೆ ಹಾಕಿದ ಲೆಕ್ಕದಂತೆ ಒಂದು ಜ್ವಾಲೆಗೆ ತಿಂಗಳುಗಳೇ ಬೇಕು. ಸೂರ್ಯನಿಗೆ ಅಷ್ಟು ತಾಳ್ಮೆಯಿಲ್ಲ, ನಿಮಿಷಗಳಲ್ಲಿ ಮುಗಿಸುತ್ತಾನೆ. ಈ ಆತುರ ಎಲ್ಲಿಂದ ಬಂತು ಎಂಬುದೇ ನಮ್ಮ ಹುಡುಕಾಟ.

ನಡೆದದ್ದು ಕಣ್ಣಿಗೆ ಕಾಣದು. ಗುಳ್ಳೆಗಳ ಮೂಲಕ ಪ್ರೋಟಾನುಗಳನ್ನು ಹಾಯಿಸುತ್ತೇವೆ. ಗುಳ್ಳೆಗಳ ಹಿಂದಿಟ್ಟ ಫಿಲ್ಮಿನಲ್ಲಿ ನೀಲಿ ಕಲೆ ಮೂಡುತ್ತದೆ. ಕಾಂತಕ್ಷೇತ್ರ ಪ್ರೋಟಾನುಗಳನ್ನು ತಳ್ಳಿ ಗುಂಪಾಗಿಸಿದ ಕಡೆ ಗಾಢ, ಖಾಲಿಯಾದ ಕಡೆ ಪೇಲವ. ಲೇಸರಿನ ಗಾಜು ತಣ್ಣಗಾಗದೆ ಮುಂದಿನ ಶಾಟ್ ಇಲ್ಲ. ಆ ಬಿಡುವಿನಲ್ಲಿ ಟೀ ಲೋಟ ದೂರವಿಟ್ಟು, ಫಿಲ್ಮನ್ನು ಬೆಳಕಿಗೆ ಓರೆಯಾಗಿ ಹಿಡಿದು, ನಡುವಿನ ಗೆರೆಯನ್ನು ನೋಡುತ್ತ ಕೂರುತ್ತೇನೆ. ಎಳೆ ಸೇರಿತೋ, ಇಲ್ಲವೋ?

ಅಮ್ಮನಿಗೆ ಒಂದು ಫಿಲ್ಮಿನ ಫೋಟೋ ಕಳಿಸಿದೆ.

"ಮಳೆ ಹನಿ ಬಿದ್ದ ರಂಗೋಲಿ ಥರ ಇದೆಯಲ್ಲೋ" ಅಂದಳು.