ಹಾಡಿದವರು ಯಾರು?

ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಹಾದಿಯಲ್ಲಿ ಕೌದಳ್ಳಿ ಸಿಗುತ್ತದೆ. ಶಿವರಾತ್ರಿ ಬಂತೆಂದರೆ ಕಾಲ್ನಡಿಗೆಯ ಭಕ್ತರಿಂದ ಆ ಹಾದಿ ತುಂಬುತ್ತದೆ. ಕಂಸಾಳೆಯ ನಾದ ಮನೆಗಳೊಳಕ್ಕೂ ನುಗ್ಗುತ್ತದೆ. ಅಲ್ಲಿನ ನಿವೃತ್ತ ಮೇಷ್ಟರೊಬ್ಬರು ಮಾತ್ರ ಆ ನಾದಕ್ಕೂ ಕಿವಿಗೊಡದೆ ಒಂದು ದಪ್ಪ ಪುಸ್ತಕದಲ್ಲಿ ಮುಳುಗಿದ್ದರು. ಅದು ಪುರಾಣವೂ ಅಲ್ಲ, ಕಾದಂಬರಿಯೂ ಅಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗಳು ತಂದಿಟ್ಟ, ಎಕ್ಸ್‌ಎಂಎಲ್ ಕಲಿಸುವ ಇಂಗ್ಲಿಷ್ ಗ್ರಂಥ.

ಮೇಷ್ಟರಿಗೆ ಈ ಹುಚ್ಚು ಹಿಡಿದದ್ದು ಸುಮ್ಮನೆ ಅಲ್ಲ. ತರುಣರಾಗಿದ್ದಾಗ ವೃದ್ಧ ಗಾಯಕರೊಬ್ಬರ ಬಾಯಿಂದ ಮಾದೇಶ್ವರನ ಕಾವ್ಯದ ಒಂದೆರಡು ಸಾಲುಗಳನ್ನು ಅವರು ಬರೆದುಕೊಂಡಿದ್ದರು. ‘ಸಾಲು’ ಎಂದರೆ ಇಲ್ಲಿ ಪಂಕ್ತಿಯಲ್ಲ. ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂಬಂತೆ ಒಂದೊಂದೂ ಒಂದು ಕಥಾಭಾಗ. ಗೆದ್ದಲು ಹತ್ತಿದ ಆ ನೋಟುಪುಸ್ತಕಗಳನ್ನು ಗಣಕದಲ್ಲಿ ಅಚ್ಚು ಮಾಡಿಸಿದಾಗ ಹಾಡಾವುದು, ಹಿಮ್ಮೇಳದ ಸೊಲ್ಲಾವುದು, ನಡುವಿನ ಮಾತಾವುದು ಎಂಬ ಭೇದವೆಲ್ಲ ಅಳಿಸಿಹೋಯಿತು. ಸಾಲದ್ದಕ್ಕೆ, ಬೇರೊಂದು ಗಣಕದಲ್ಲಿ ತೆರೆದರೆ ಕನ್ನಡವೇ ಕಾಣದಾಯಿತು!

“ಮೊದಲು ಯೂನಿಕೋಡಿಗೆ ತರೋಣ, ಅಪ್ಪ. ಆಮೇಲೆ ನೀವೇ ಒಂದೊಂದಕ್ಕೂ ಗುರುತು ಹಾಕಿ” ಎಂದಳು ಮಗಳು.

1998ರ ಫೆಬ್ರವರಿ 10ರಂದು ಅಂಗೀಕೃತವಾದ ಈ ವಿಧಾನದ ಸೂತ್ರ ಸರಳವಾದುದು. ಬರಹದ ಪ್ರತಿಯೊಂದು ಭಾಗವನ್ನೂ ಹೆಸರುಳ್ಳ ಗುರುತುಗಳ ನಡುವೆ ಇಡಬೇಕು. ತೆರೆದ ಗುರುತನ್ನು ಮುಚ್ಚಬೇಕು. ಒಳಗಿನದನ್ನು ಮುಚ್ಚದೆ ಹೊರಗಿನದನ್ನು ಮುಚ್ಚುವಂತಿಲ್ಲ. ರಾತ್ರಿ ಕೋಣೆಯ ಬಾಗಿಲು ಹಾಕಿ, ಅನಂತರ ಹೊರಬಾಗಿಲಿಗೆ ಬೀಗ ಹಾಕುವವರಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ. ಗುರುತಿನ ಹೆಸರುಗಳು ಇಂಗ್ಲಿಷಿನಲ್ಲೇ ಇರಬೇಕೆಂಬ ನಿರ್ಬಂಧವೂ ಇಲ್ಲ; ಕನ್ನಡ ಅಕ್ಷರಗಳೂ ಸಲ್ಲುತ್ತವೆ. ಇದನ್ನು ತಿಳಿದಂದು ಮೇಷ್ಟರು ಹುಡುಗನಂತೆ ಹಿಗ್ಗಿ, ‘ಸಾಲು’, ‘ಸೊಲ್ಲು’, ‘ಮಾತು’ ಎಂದು ಗುರುತು ಹಾಕತೊಡಗಿದರು.

ಎರಡನೆಯ ಪುಸ್ತಕ ಎಕ್ಸ್‌ಎಸ್‌ಎಲ್‌ಟಿಯನ್ನು ಕುರಿತದ್ದು. 1999ರಲ್ಲಿ ಬಂದ ಆ ವಿದ್ಯೆಯ ಬಗೆಗೆ ಮೈಕೇಲ್ ಕೇ ಬರೆದ ಗ್ರಂಥದ 2008ರ ಆವೃತ್ತಿ ಸಾವಿರ ಪುಟ ಮೀರಿದ್ದು. ಮೇಷ್ಟರು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಬೇಕಾದಷ್ಟನ್ನೇ ಓದಿದರು. ಮೂಲಕ್ಕೆ ಕೈಹಚ್ಚದೆ, ಅದರಿಂದಲೇ ಓದುಗರಿಗೆ ಪೂರ್ಣ ಕಥೆಯನ್ನೂ ಹಿಮ್ಮೇಳದವರಿಗೆ ಬರಿಯ ಸೊಲ್ಲುಗಳನ್ನೂ ತೆಗೆಯಬಹುದೆಂದು ಕಂಡಾಗ ಪಟ್ಟ ಶ್ರಮ ಸಾರ್ಥಕವೆನಿಸಿತು.

ಕಡೆಗೆ ಮಗಳು ಒಂದು ನಿಯಮಾವಳಿಯನ್ನು ಬರೆದುಕೊಟ್ಟಳು. ಪ್ರತಿಯೊಂದು ಸಾಲಿನ ಮೊದಲಲ್ಲೂ ‘ಹಾಡಿದವರು’ ಎಂಬ ಗುರುತು ಇರಲೇಬೇಕು. ಮೇಷ್ಟರ ಬರಹವನ್ನು ಯಂತ್ರ ಅಲ್ಲಿಯೇ ತಡೆಯಿತು. ಅವರು ನೋಟುಪುಸ್ತಕಗಳನ್ನೆಲ್ಲ ತಿರುವಿಹಾಕಿದರು. ಹಾಡಿನ ಒಂದಕ್ಷರವನ್ನೂ ಬಿಡದೆ ಬರೆದುಕೊಂಡವರು ಹಾಡಿದವನ ಹೆಸರನ್ನೇ ಬರೆದಿರಲಿಲ್ಲ! ಊರೆಲ್ಲ ಅವನನ್ನು ಕಂಸಾಳೆ ತಾತ ಎನ್ನುತ್ತಿತ್ತು. ಇವರೂ ಹಾಗೆಯೇ ಅಂದಿದ್ದರು.

“ಗುರುತು ಹಾಕಿ ಒಳಗೆ ಖಾಲಿ ಬಿಟ್ಟರೂ ಯಂತ್ರ ಒಪ್ಪುತ್ತದೆ, ಅಪ್ಪ” ಎಂದಳು ಮಗಳು.

“ಯಂತ್ರ ಒಪ್ಪೀತು ತಾಯಿ, ನಾನು ಒಪ್ಪಲಾರೆ.”

ಮರುದಿನ ಬೆಳಗ್ಗೆಯೇ ಮೇಷ್ಟರು ಕೊಡೆ ಹಿಡಿದು ತಾತನ ಮೊಮ್ಮಗನ ಮನೆಯ ಹಾದಿ ಹಿಡಿದರು. ಮಧ್ಯಾಹ್ನ ಹಿಂದಿರುಗಿದವರು ಊಟಕ್ಕೂ ಏಳದೆ ಗಣಕದ ಮುಂದೆ ಕುಳಿತು, ಒಂದು ಹೆಸರನ್ನು ತಪ್ಪಿಲ್ಲದೆ ಬರೆದು, ಗುರುತನ್ನು ಮುಚ್ಚಿದರು.