ಮಾತು ತಪ್ಪಿದವನೆಲ್ಲ ಮೋಸಗಾರನೇ?

ನಿವೃತ್ತಿಯ ಹಣ ಕೈಗೆ ಬಂದಾಗ ಎಲ್ಲ ಮೇಷ್ಟ್ರುಗಳಿಗೂ ಬರುವ ಆಸೆ ನನಗೂ ಬಂತು. ಒಂದು ಸೈಟು ಕೊಂಡಿಟ್ಟರೆ ಮುಂದೆ ಮಗ ಮನೆ ಕಟ್ಟಿಕೊಳ್ಳುತ್ತಾನೆ. ತುಮಕೂರಿನಲ್ಲಿ ನಮ್ಮ ಬೀದಿಯವರೇ ಒಬ್ಬರು, ತೀರಿಕೊಂಡ ತಂದೆಯ ಹೆಸರಿನಲ್ಲಿದ್ದ ಸೈಟು ಮಾರುವವರಿದ್ದರು. 2016ರ ಜೂನ್‌ನಲ್ಲಿ ಐದು ಲಕ್ಷ ಮುಂಗಡ ಕೊಟ್ಟು ಕರಾರು ಬರೆಸಿದೆ. ಆರು ತಿಂಗಳೊಳಗೆ ರಿಜಿಸ್ಟ್ರಿ. ಇ.ಸಿ. ತೆಗೆಸಿ ನೋಡಿದೆ, ಸಾಲವಿರಲಿಲ್ಲ. ತಂಗಿಯರ ಸಹಿಯ ವಿಷಯ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಇಬ್ಬರು ಹೆಣ್ಣುಮಕ್ಕಳ ಮದುವೆಯಲ್ಲಿ ನಾನೇ ಊಟ ಮಾಡಿ ಬಂದಿದ್ದೆ!

ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಉಂಟೆಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ನವೆಂಬರ್‌ನಲ್ಲಿ ಅವರು ಪಾಲಿಗೆ ದಾವೆ ಹೂಡಿ ತಡೆಯಾಜ್ಞೆ ತಂದರು. ರಿಜಿಸ್ಟ್ರಿ ನಿಂತಿತು. ಮುಂಗಡ ವಾಪಸು ಕೇಳಿದರೆ, ಅದು ಆಗಲೇ ಅವರ ಮಗಳ ಮದುವೆಗೆ ಖರ್ಚಾಗಿತ್ತು.

'ಸಿವಿಲ್ ದಾವೆ ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತೆ. ಒಂದು ಫೋರ್ ಟ್ವೆಂಟಿ ಹಾಕಿಸಿ, ಎಂಟು ದಿನದಲ್ಲಿ ಹಣ ತಂದು ಕೊಡ್ತಾರೆ' ಎಂದರು ಗೆಳೆಯರು. ಠಾಣೆಗೆ ಹೋದೆ. ದೂರು ಬರೆದುಕೊಟ್ಟವನು, 'ಮೊದಲಿನಿಂದಲೂ ಮೋಸ ಮಾಡುವ ಉದ್ದೇಶದಿಂದಲೇ' ಎಂಬ ಸಾಲು ಸೇರಿಸಿದ. 'ಇದಿಲ್ಲದಿದ್ದರೆ ಕೇಸು ನಿಲ್ಲಲ್ಲ ಸಾರ್' ಎಂದ. ಸಹಿ ಹಾಕಿದೆ.

ಎಂಟು ದಿನದಲ್ಲಿ ಹಣ ಬರಲಿಲ್ಲ. ಅವರು ಜಾಮೀನು ಪಡೆದರು, ಆರೋಪಪಟ್ಟಿಯಾಯಿತು, ಹೈಕೋರ್ಟಿಗೆ ಹೋದರು. 2021ರಲ್ಲಿ ಕೇಸು ವಜಾ ಆಯಿತು.

ನನಗೆ ಸಿಟ್ಟು ಬಂತು. ಹಣ ಹೋಗಿದೆ, ಸೈಟು ಸಿಕ್ಕಿಲ್ಲ, ಮೋಸವೇ ಅಲ್ಲವಂತೆ! ವಕೀಲರು ಸಮಾಧಾನದಿಂದ ಬಿಡಿಸಿ ಹೇಳಿದರು. ಜಮೀನು ಮಾರಾಟದ ಒಂದು ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ವಂಚನೆ ಎನ್ನಬೇಕಾದರೆ ಮಾತು ಕೊಟ್ಟ ದಿನವೇ ಮೋಸದ ಬುದ್ಧಿ ಇರಬೇಕು. ಆಮೇಲೆ ಮಾತು ನಡೆಸಲಾಗಲಿಲ್ಲ ಎಂಬುದೊಂದೇ ಸಾಲದು. ಅದು ಕರಾರು ಭಂಗ, ಸಿವಿಲ್ ಕೋರ್ಟಿನ ವಿಷಯ. ಬೇರೆಯವರಿಗೆ ಮಾರಿದ ಸೈಟನ್ನೇ ಮುಚ್ಚಿಟ್ಟು ಮತ್ತೆ ಮಾರಿದ್ದರೆ, ಖೋಟಾ ಪತ್ರ ತೋರಿಸಿದ್ದರೆ, ಆ ಮಾತೇ ಬೇರೆ. ಆಗ ಕ್ರಿಮಿನಲ್ ಕೇಸೂ ನಿಲ್ಲುತ್ತದೆ. 2024ರ ಜುಲೈ 1ರಿಂದ 420ನೇ ಕಲಮಿನ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಬಂದಿದೆ. ಸಂಖ್ಯೆ ಬದಲಾಯಿತು, ತತ್ವ ಬದಲಾಗಲಿಲ್ಲ.

'ಸರಿ, ಈಗ ಕ್ರಯಪತ್ರ ಮಾಡಿಸಿಕೊಡಿ ಅಂತ ಸಿವಿಲ್ ದಾವೆ ಹಾಕೋಣ' ಎಂದೆ. ವಕೀಲರು ಕರಾರಿನ ತಾರೀಖು ನೋಡಿದರು. ರಿಜಿಸ್ಟ್ರಿಗೆ ಗೊತ್ತುಮಾಡಿದ ದಿನದಿಂದ ಮೂರು ವರ್ಷ ಮಾತ್ರ ಅವಕಾಶ. ಅದು 2019ರ ಡಿಸೆಂಬರ್‌ಗೇ ಮುಗಿದಿತ್ತು. ಠಾಣೆಗೂ ಕೋರ್ಟಿಗೂ ಅಲೆದ ಆ ವರ್ಷಗಳಲ್ಲಿ, ನನಗೆ ನಿಜವಾಗಿ ತೆರೆದಿದ್ದ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತ್ತು. ಹೆದರಿಸಿ ಹಣ ವಸೂಲು ಮಾಡಲು ಹೊರಟವನಿಗೆ ಆದ ಶಾಸ್ತಿ ಎನ್ನಬೇಕು.

ಎರಡು ವರ್ಷದ ನಂತರ ಒಂದು ಸಂಜೆ ಅವರೇ ಮನೆಗೆ ಬಂದರು. ತಂಗಿಯರೊಂದಿಗೆ ರಾಜಿಯಾಗಿ ಸೈಟು ಮಾರಿದ್ದರಂತೆ. ಐದು ಲಕ್ಷದ ಡಿಡಿ ಮೇಜಿನ ಮೇಲಿಟ್ಟರು. ಬಡ್ಡಿಯ ಮಾತು ನಾನು ಎತ್ತಲಿಲ್ಲ. ನನ್ನವಳು ಕಾಫಿ ತಂದಳು. ಲೋಟ ಕೆಳಗಿಟ್ಟು ಅವರು ಮೆಲ್ಲಗೆ ಹೇಳಿದರು: 'ಠಾಣೆಗೆ ಹೋಗಿದ್ದಕ್ಕೆ ಬೇಜಾರಿಲ್ಲ ಮೇಷ್ಟ್ರೇ, ನಿಮ್ಮ ಹಣ, ನೀವು ಕೇಳಿದ್ರಿ. ಮೊದಲಿಂದಲೂ ಮೋಸ ಅಂತ ಬರೆಸಿದ್ರಲ್ಲ, ಅದೊಂದು ನೋವಾಯ್ತು.'

ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡಿದವನು ನಾನು. ಆ ಸಾಲಿನ ಕೆಳಗಿದ್ದದ್ದು ನನ್ನದೇ ಸಹಿ.