ನೀರಿಗಿಳಿದ ಮಗಳು

"ಅಮ್ಮಿ, ನೀನೂ ಜೊತೆಗೆ ಬಾ. ನೀನು ಬಂದರೆ ಅಬ್ಬಾ ಬೇಡ ಎನ್ನುವುದಿಲ್ಲ" ಎಂದು ಮಗಳು ಕಾರವಾರದಿಂದ ಫೋನ್ ಮಾಡಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಸಮುದ್ರ ನೋಡಲು ಹೋಗುತ್ತೇನೆಂದರೆ ಯಾರು ಬೇಡ ಎನ್ನುತ್ತಾರೆ? ಆದರೆ ಅವಳು ಹೊರಟಿದ್ದು ಸಮುದ್ರದ ಒಳಗೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಬಳಿಗೆ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದು, ಹವಳದ ಬಂಡೆಗಳಿಗೆ ಸಿಕ್ಕಿಕೊಂಡಿರುವ ಹಳೆಯ ಮೀನುಬಲೆಗಳನ್ನು ಬಿಡಿಸುವ ತಂಡವದು. ಎರಡು ದಿನದ ಪ್ರವಾಸ, ಅದರಲ್ಲೇ ಈ ಕೆಲಸ.

ನಾನು "ನೋಡೋಣ" ಎಂದು ಫೋನ್ ಇಟ್ಟೆ. ಅಂದು ತವೆಯ ಮೇಲಿನ ರೊಟ್ಟಿ ಕರಕಲಾಯಿತು.

ನನ್ನ ತವರು ಸಿಂಧನೂರಿನ ಕಡೆ, ತುಂಗಭದ್ರಾ ಎಡದಂಡೆ ನಾಲೆಯ ಪಕ್ಕದ ಊರು. ಮನೆಯ ಮುಂದೆ ಭತ್ತದ ಗದ್ದೆ, ಗದ್ದೆಯಾಚೆ ನಾಲೆ. 1994ರಲ್ಲಿ ಆ ನಾಲೆಯಲ್ಲಿ ನನ್ನ ತಮ್ಮ ಹೋದ. ಹದಿನಾಲ್ಕು ವರ್ಷ ಅವನಿಗೆ. ಎಮ್ಮೆ ತೊಳೆಯಲು ಇಳಿದವನು ಮರುದಿನ ಆರು ಮೈಲಿ ಕೆಳಗೆ ತೂಬಿನ ಬಳಿ ಸಿಕ್ಕ. ಎರಡು ವರ್ಷದ ನಂತರ ಪಾಮನಕಲ್ಲೂರಿಗೆ ಮದುವೆಯಾಗಿ ಬಂದೆ. ತೊಗರಿ, ಹತ್ತಿ, ಸಜ್ಜೆ ಬೆಳೆಯುವ ಮಳೆಯಾಶ್ರಿತ ಊರು. ನೀರಿದ್ದ ಕಡೆಯಿಂದ ನೀರಿಲ್ಲದ ಕಡೆಗೆ ಹೆಣ್ಣು ಕೊಟ್ಟರಲ್ಲ ಎಂದು ನೆಂಟರು ಮರುಗಿದರು. ನನಗೆ ಮಾತ್ರ ಒಳಗೊಳಗೇ ಸಮಾಧಾನ. 2020ರ ಕೊನೆಯಲ್ಲಿ ನಮ್ಮೂರಿನಲ್ಲೇ ರೈತರು ನಾರಾಯಣಪುರ ಬಲದಂಡೆಯ 5ಎ ನಾಲೆ ಬೇಕೆಂದು ಧರಣಿ ಕೂತರು. ನಮ್ಮವರೂ ಹೋಗಿ ಕೂತರು. ನಾನು ಚಹಾ ಮಾಡಿ ಕಳಿಸುತ್ತಿದ್ದೆ, ಆದರೆ ನಾಲೆ ಬರಲಿ ಎಂದು ಬಾಯಿಬಿಟ್ಟು ಕೇಳಿಕೊಳ್ಳಲು ನನ್ನಿಂದ ಆಗಲಿಲ್ಲ. ಹೊಲಕ್ಕೆ ನೀರು ಬೇಕು, ಅದು ನನಗೂ ಗೊತ್ತು.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದವಳು ಕಾರವಾರದ ಕೋಡಿಬಾಗಕ್ಕೆ ಹೋಗಿ ಸಾಗರ ಜೀವಶಾಸ್ತ್ರ ಓದಲು ಕೂತಳು. ಈಜು ಕಲಿತಳು. ಡೈವಿಂಗ್ ತರಬೇತಿಯನ್ನೂ ಮುಗಿಸಿದಳು. ಇದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ತಮ್ಮನ ವಿಷಯವನ್ನು ನಾನು ಅವಳಿಗೆ ಹೇಳಿರಲಿಲ್ಲ, ಅವಳು ಇದನ್ನು ನನಗೆ ಹೇಳಿರಲಿಲ್ಲ.

ಮನೆಯಲ್ಲಿ ಚರ್ಚೆ ನಡೆಯಿತು. ಬಟ್ಟೆಯ ಮಾತು ಬಂತು. ಕತ್ತಿನಿಂದ ಹಿಮ್ಮಡಿಯವರೆಗೆ ಮುಚ್ಚುವ ರಬ್ಬರಿನ ಉಡುಪು, ತಲೆಗೂ ಅದರದ್ದೇ ಟೊಪ್ಪಿ ಎಂದು ಮಗಳು ಚಿತ್ರ ಕಳಿಸಿದಳು. ನನ್ನ ಅತ್ತೆ ಅದನ್ನು ನೋಡಿ, "ಇಷ್ಟು ಮುಚ್ಚಿಕೊಂಡು ನಮ್ಮೂರಿನ ಬಿಸಿಲಲ್ಲಿ ಯಾರೂ ಓಡಾಡುವುದಿಲ್ಲ" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು. ಖರ್ಚಿಗೆ ನಾನು ಹೊಲಿಗೆಯ ದುಡ್ಡು ಕೊಟ್ಟೆ. ಬೇಡ ಎನ್ನಲು ಬೇರೆ ಕಾರಣ ಉಳಿಯಲಿಲ್ಲ. ನಿಜವಾದ ಕಾರಣವನ್ನು ನಾನು ಹೇಳಲಿಲ್ಲ.

2025ರ ಜನವರಿಯಲ್ಲಿ ಹೊರಟೆವು. ಲಿಂಗಸುಗೂರಿನಿಂದ ಹುಬ್ಬಳ್ಳಿ, ಅಲ್ಲಿಂದ ಕರಾವಳಿಗೆ ಇಳಿಯುವ ಬಸ್ಸು. ಭಟ್ಕಳದಲ್ಲಿ ಮಗಳ ಗೆಳತಿಯ ಮನೆಯಲ್ಲಿ ಉಳಿದೆವು. ನವಾಯತರ ಮನೆ. ಅವರ ನವಾಯತಿ ನನಗೆ ತಿಳಿಯದು, ನಮ್ಮ ದಖ್ಖನಿ ಕೇಳಿ ಅವರಿಗೆ ನಗು. ಊಟದ ಮುಂದೆ ಭಾಷೆಯ ತೊಂದರೆ ಏನೂ ಆಗಲಿಲ್ಲ ಎನ್ನಿ.

ಬೆಳಿಗ್ಗೆ ದೋಣಿ ಹತ್ತಿದೆವು. ಹತ್ತು ಜನ, ಇಬ್ಬರು ಮಾರ್ಗದರ್ಶಕರು. ಅದರಲ್ಲೊಬ್ಬಳು ಹುಡುಗಿ. ಒಂದೂವರೆ ಗಂಟೆಯ ದಾರಿಯಲ್ಲಿ ನಾನು ಎರಡು ಸಲ ವಾಂತಿ ಮಾಡಿಕೊಂಡೆ. ದೂರದಿಂದ ನೇತ್ರಾಣಿ ಕಡಿದಾದ ಬಂಡೆಯ ಗುಡ್ಡದಂತೆ ಕಾಣುತ್ತದೆ. ದ್ವೀಪದ ಮೇಲೆ ಪ್ರವಾಸಿಗರು ಇಳಿಯುವಂತಿಲ್ಲ. ನೌಕಾಪಡೆಯವರು ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪವಂತೆ ಅದು.

ಸಿಲಿಂಡರಿನಲ್ಲಿ ಆಮ್ಲಜನಕ ಇರುತ್ತದೆಂದು ನಾನು ತಿಳಿದಿದ್ದೆ. ಅಲ್ಲ, ನಾವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಒಬ್ಬರೇ ಇಳಿಯುವಂತಿಲ್ಲ, ಪ್ರತಿಯೊಬ್ಬರಿಗೂ ಜೋಡಿ ಇರಬೇಕು. ಒಬ್ಬರ ಪಟ್ಟಿ, ಕೊಳವೆಗಳನ್ನು ಇನ್ನೊಬ್ಬರು ಎಳೆದು ನೋಡುತ್ತಾರೆ. ಒಳಗೆ ಮಾತಿಲ್ಲ, ಕೈಸನ್ನೆ ಮಾತ್ರ. ಮಗಳು ದೋಣಿಯ ಅಂಚಿನಲ್ಲಿ ಕೂತಾಗ ಧೈರ್ಯ ಹೇಳಲೆಂದು ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ಅವಳು ನಕ್ಕು ತಲೆಯಾಡಿಸಿದಳು. "ಅಮ್ಮಿ, ಹೆಬ್ಬೆರಳು ಎತ್ತಿದರೆ ಮೇಲೆ ಹೋಗೋಣ ಎಂದರ್ಥ. ಎಲ್ಲ ಸರಿಯಿದೆ ಎನ್ನಲು ಹೀಗೆ" ಎಂದು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿದಳು. ಮರುಕ್ಷಣ ಹಿಂದಕ್ಕೆ ಉರುಳಿ ನೀರಿಗೆ ಬಿದ್ದಳು.

ಮೊದಲ ಸಲ ನೋಡಿ ಬರಲು ಮಾತ್ರ ಇಳಿದಿದ್ದರು. ಮೇಲೆ ಬಂದವಳು ಮೈ ಒರೆಸಿಕೊಳ್ಳುತ್ತಾ ಹವಳದ ಪಾಠ ಮಾಡಿದಳು. ಹವಳ ಕಲ್ಲಲ್ಲ, ಗಿಡವೂ ಅಲ್ಲ. ಸಾಸಿವೆಯಂಥ ಸಣ್ಣ ಸಣ್ಣ ಜೀವಿಗಳು ಒತ್ತೊತ್ತಾಗಿ ಕೂತು ಸುಣ್ಣದ ಗೂಡು ಕಟ್ಟುತ್ತಾ ಹೋಗುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಪಾಚಿ ಬಿಸಿಲಿನಿಂದ ಅನ್ನ ಮಾಡಿ ಕೊಡುತ್ತದೆ, ಹವಳ ಇರಲು ಮನೆ ಕೊಡುತ್ತದೆ. ನೀರು ಅತಿಯಾಗಿ ಬೆಚ್ಚಗಾದರೆ ಹವಳ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿದರೆ ಬದುಕೀತು, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. 2024ರಲ್ಲಿ ಲಕ್ಷದ್ವೀಪದಲ್ಲಿ ಹೀಗೆ ಬಹಳಷ್ಟು ಹವಳ ಬೆಳ್ಳಗಾಯಿತು. ಸಮುದ್ರತಳದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಜಾಗದಲ್ಲಿರುವ ಈ ಹವಳದ ದಿಬ್ಬಗಳನ್ನು ಕಡಲಜೀವಿಗಳ ಸುಮಾರು ಕಾಲುಭಾಗ ನಂಬಿಕೊಂಡಿದೆಯಂತೆ.

ಸೂರಃ ಅರ್ರಹ್ಮಾನ್ ಓದುವಾಗಲೆಲ್ಲ 'ಮರ್ಜಾನ್' ಎಂಬ ಪದ ನನ್ನ ನಾಲಗೆಯ ಮೇಲೆ ಹಾದುಹೋಗಿದೆ. ಅಕ್ಕಸಾಲಿಗರ ಅಂಗಡಿಯ ಕೆಂಪು ಮಣಿಯನ್ನು ಬಿಟ್ಟರೆ ಬೇರೇನೂ ನನ್ನ ಕಣ್ಮುಂದೆ ಬಂದಿರಲಿಲ್ಲ. ಆ ಮಣಿಯ ಹವಳವೇ ಬೇರೆ, ದಿಬ್ಬ ಕಟ್ಟುವ ಈ ಹವಳವೇ ಬೇರೆ ಎಂದಳು ಮಗಳು. ಇದನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ತಂದಿದ್ದಾರೆ. ಹುಲಿಯ ಉಗುರಿನಂತೆ ಇದರ ತುಂಡನ್ನೂ ಮನೆಗೆ ಒಯ್ಯುವಂತಿಲ್ಲ.

ಎರಡನೆಯ ಸಲ ಇಳಿದದ್ದು ಬಲೆಗಾಗಿ. ಹರಿದ ನೈಲಾನ್ ಬಲೆ ಕಡಲಲ್ಲಿ ಕೊಳೆಯುವುದಿಲ್ಲ. ಮೀನುಗಾರ ಬಿಟ್ಟುಹೋದರೂ ಅದು ಮೀನು, ಏಡಿ ಹಿಡಿಯುತ್ತಲೇ ಇರುತ್ತದೆ. ಅಲೆ ಎಳೆದಂತೆಲ್ಲ ಹವಳವನ್ನು ಉಜ್ಜಿ ಮುರಿಯುತ್ತದೆ. ಹಾಗೆಂದು ಜಗ್ಗಿ ಕೀಳುವಂತಿಲ್ಲ, ಕಿತ್ತರೆ ಹವಳವೂ ಬರುತ್ತದೆ. ಒಂದೊಂದೇ ಎಳೆ ಕತ್ತರಿಸಿ ಬಿಡಿಸಬೇಕು. ಹವಳದೊಳಗೆ ಬೆಳೆದು ಸೇರಿಹೋದ ಬಲೆಯನ್ನು ಅಲ್ಲೇ ಬಿಡಬೇಕು. ತರಬೇತಿ ಇದ್ದ ಆರು ಜನ ಮಾತ್ರ ಇಳಿದರು.

ನೀರಿನ ಮೇಲೆ ಗುಳ್ಳೆಗಳು ಬರುತ್ತಿದ್ದವು. ಅವನ್ನೇ ಎಣಿಸುತ್ತಾ ಕೂತೆ. ಮುಕ್ಕಾಲು ಗಂಟೆ ಆಗುತ್ತಾ ಬಂತು. ಇಬ್ಬರು ಬಂದರು, ಮತ್ತಿಬ್ಬರು ಬಂದರು. ನನ್ನ ಮಗಳ ಜೋಡಿ ಬರಲಿಲ್ಲ. ದೋಣಿಯ ಕೆಳಗೇ ಗುಳ್ಳೆ ಕಾಣುತ್ತಿದೆ, ಮೇಲೆ ಮಾತ್ರ ಯಾರೂ ಬರುತ್ತಿಲ್ಲ. ತೂಬಿನ ಬಳಿ ಜನ ಬಗ್ಗಿ ನೋಡುತ್ತಿದ್ದುದು, ನನ್ನ ಅಮ್ಮಿಯನ್ನು ಇಬ್ಬರು ಹೆಂಗಸರು ಹಿಡಿದುಕೊಂಡಿದ್ದುದು ಕಣ್ಣಿಗೆ ಕಟ್ಟಿತು. ನಾನು ಬಗ್ಗಿ ನೀರಿನ ಕಡೆಗೆ ಹೆಬ್ಬೆರಳು ಎತ್ತಿ ಹಿಡಿದೆ. ಮೇಲೆ ಬಾ. ದೋಣಿಯ ಹುಡುಗ ನೋಡಿ, "ಹೆದರಬೇಡಿ ಅಮ್ಮಾ, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಬರಬೇಕು. ಒಮ್ಮೆಲೇ ಬಂದರೆ ಮೈಯೊಳಗಿನ ಗಾಳಿ ರಕ್ತದಲ್ಲಿ ಗುಳ್ಳೆಯಾಗುತ್ತದೆ" ಎಂದ. ಮೂರು ನಿಮಿಷ ಎಷ್ಟು ಉದ್ದ ಎಂಬುದನ್ನು ನನ್ನನ್ನು ಕೇಳಿ.

ಅವಳು ಬಂದಳು. ಬಂದವಳೇ ಬೆರಳಲ್ಲಿ ಉಂಗುರ ಮಾಡಿ ತೋರಿಸಿದಳು. ನನಗೆ ಕೈ ಎತ್ತಲೂ ಆಗಲಿಲ್ಲ.

ತಂದ ಬಲೆ ದೋಣಿಯ ನಡುವೆ ರಾಶಿ ಬಿದ್ದಿತ್ತು. ಅದರಲ್ಲಿ ಎರಡು ಏಡಿಗಳು ಜೀವಂತ ಸಿಕ್ಕಿಕೊಂಡಿದ್ದವು. ಹುಡುಗರು ಚಾಕುವಿನಿಂದ ಒದ್ದಾಡುತ್ತಿದ್ದರು. ನನ್ನ ಚೀಲದಲ್ಲಿ ಸದಾ ಒಂದು ಸಣ್ಣ ಕತ್ತರಿ ಇರುತ್ತದೆ. ತೆಗೆದು ಕೂತೆ. ಇಪ್ಪತ್ತೈದು ವರ್ಷದಿಂದ ಗಂಟು ಬಿಡಿಸುವವಳಿಗೆ ಬಲೆ ಯಾವ ಲೆಕ್ಕ? ಎರಡೂ ಏಡಿಗಳ ಕಾಲು ಮುರಿಯದೆ ಬಿಡಿಸಿ ನೀರಿಗೆ ಬಿಟ್ಟೆ. ದಡ ಸೇರುವವರೆಗೆ ಬಲೆ, ಹಗ್ಗ, ಬಾಟಲಿ ಬೇರೆ ಬೇರೆ ಮಾಡಿದೆ. ಹೊಟ್ಟೆ ತೊಳಸಿದ್ದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ಅಂದು ರಾತ್ರಿ ಇಶಾ ನಮಾಝಿನ ನಂತರ ಮಗಳಿಗೆ ನನ್ನ ತಮ್ಮನ ವಿಷಯ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. "ಮಾಮೂಗೆ ಈಜು ಬರುತ್ತಿತ್ತಾ?" ಎಂದು ಕೇಳಿದಳು. ಇಲ್ಲ ಎಂದೆ. "ನಿನಗೆ?" ಎಂದಳು. ಅದಕ್ಕೂ ಇಲ್ಲ. "ಬೇಸಿಗೆಯಲ್ಲಿ ಕಾರವಾರಕ್ಕೆ ಬಾ" ಎಂದು ದೀಪ ಆರಿಸಿದಳು. ನಾನು ಹ್ಞೂಂ ಎನ್ನಲಿಲ್ಲ, ಊಹೂಂ ಎಂದೂ ಹೇಳಲಿಲ್ಲ.

ಊರಿಗೆ ಬಂದ ಮೇಲೆ ಅತ್ತೆ ನನ್ನ ಚೀಲ ಬಿಚ್ಚಿ ಸಮುದ್ರದಿಂದ ಏನು ತಂದೆ ಎಂದು ಹುಡುಕಿದರು. ತೊಳೆದು ಒಣಗಿಸಿದ ಒಂದು ತುಂಡು ನೀಲಿ ಬಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನು ಜಗ್ಗಿ ನೋಡಿ, "ಗಟ್ಟಿಯಾಗಿದೆ" ಎಂದರು. ಈಗ ಅದು ನಮ್ಮ ಹಿತ್ತಲಿನ ಕೋಳಿಗೂಡಿಗೆ ಬಾಗಿಲಾಗಿದೆ.